ಪ್ರತಿಕ್ರಿಯೆ: ಚಾಪ್ಲಿನ್ ಸಿನಿಮಾ ಮುಗಿದ ಮೇಲೆ ಜಗಳ

ಹಿಟ್ಲರ್‌ನನ್ನು ಗೇಲಿ ಮಾಡುವ ಚಾಪ್ಲಿನ್ನನ ‘ದಿ ಗ್ರೇಟ್ ಡಿಕ್ಟೇಟರ್’ ತೋರಿಸಿದ ಮೇಲೆ ಪ್ರೇಕ್ಷಕರಲ್ಲಿ ಜಗಳವಾಯ್ತು, ಮುಂದಿನ ಸಲ ಏನು ಮಾಡಲಿ ಅಂತ ಬರೆದಿದ್ದೀರಿ. ‘ಹಿಟ್ಲರ್‌ನ ಕಥೆಗೆ ನಗೋದು ಸರಿಯಾ?’ ಅಂತ ಪರದೆ ಆರಿದ ಕೂಡಲೇ ನೀವು ಪ್ರೇಕ್ಷಕರನ್ನು ಕೇಳಿದ್ದೀರಿ. ಬಹುಶಃ ಜಗಳ ಹುಟ್ಟಿದ್ದೇ ಅಲ್ಲಿ. ನಕ್ಕವರು ಒಂದು ಕಡೆ, ನೊಂದವರು ಇನ್ನೊಂದು ಕಡೆ ಆಗಿಬಿಡುತ್ತಾರೆ. ಮಂಡ್ಯದ ನಮ್ಮ ಪ್ರದರ್ಶನದಲ್ಲೂ ಹೀಗೇ ಆಯ್ತು.

ಮೈಸೂರಿನಲ್ಲಿ ‘ದಿ ಗ್ರೇಟ್ ಡಿಕ್ಟೇಟರ್’ ಮತ್ತೆ ತೋರಿಸುವ ಮೊದಲು ಐದು ನಿಮಿಷ ಹಿನ್ನೆಲೆ ಹೇಳಿ: ತೆರೆಗೆ ಬಂದದ್ದು 1940ರಲ್ಲಿ, ಅಮೆರಿಕ ಇನ್ನೂ ಎರಡನೇ ಮಹಾಯುದ್ಧಕ್ಕೆ ಇಳಿದಿರಲಿಲ್ಲ. ಮುಗಿದ ಮೇಲೆ ತಕ್ಷಣ ಮೈಕ್ ಕೊಡಬೇಡಿ. ಚೀಟಿ ಹಂಚಿ, ‘ನಿಮ್ಮ ನಗು ಯಾವ ದೃಶ್ಯದಲ್ಲಿ ನಿಂತಿತು?’ ಅಂತ ಹೆಸರಿಲ್ಲದೆ ಬರೆಸಿ. ಬೇಸರಗೊಂಡವರ ಚೀಟಿಗಳನ್ನೇ ಮೊದಲು ಓದಿ. ನೀವು ಮಾತ್ರ ಸಿನಿಮಾದ ಪರ ವಕೀಲಿಕೆಗೆ ನಿಲ್ಲಬೇಡಿ, ಇದು ಬಹಳ ಮುಖ್ಯ.

ಆಮೇಲೆ ಚಾಪ್ಲಿನ್ 1964ರ ಆತ್ಮಕಥೆಯಲ್ಲಿ ಹೇಳಿಕೊಂಡದ್ದನ್ನು ತಿಳಿಸಿ: ಯಹೂದಿಗಳನ್ನೂ ಇತರರನ್ನೂ ಕೂಡಿಹಾಕಿ ಹಿಂಸಿಸಿದ ಜರ್ಮನ್ ಯಾತನಾ ಶಿಬಿರಗಳ ನಿಜವಾದ ಘೋರ ಗೊತ್ತಿದ್ದಿದ್ದರೆ ಈ ಚಿತ್ರ ಮಾಡಲು ತನ್ನಿಂದ ಆಗುತ್ತಿರಲಿಲ್ಲ ಅಂತ. ಮಾಡಿದವನಿಗೇ ಆ ಅಳುಕಿತ್ತು ಅಂತ ಗೊತ್ತಾದಾಗ ಸಿಟ್ಟಾದವರೂ ಕೂತು ಮಾತಾಡುತ್ತಾರೆ. ನಮ್ಮಲ್ಲಿ ಹಾಗೇ ಆಯ್ತು, ಎಲ್ಲ ಕಡೆ ಆಗುತ್ತೆ ಅಂತ ಖಾತ್ರಿ ಕೊಡಲಾರೆ.

ಜನ ಜಾಸ್ತಿ ಬಂದರೆ ಹತ್ತು ಹದಿನೈದು ಚೀಟಿ ಆರಿಸಿ ಓದಿದರೆ ಸಾಕು.