ರದ್ದು ಮಾಡಿದ್ದು ಅವರು, ಹಣ ಕಟ್ಟಬೇಕಾದ್ದು ನಾನಾ?

ಬೈಕಿನ ವಿಮೆಯನ್ನು ಕಂಪನಿಯೇ ಅರ್ಧದಲ್ಲಿ ರದ್ದು ಮಾಡಿ, ಮೇಲಿಂದ ಇನ್ನೂ ಬಾಕಿ ಕಟ್ಟಿ ಅನ್ನುತ್ತಿದೆ, ಕಟ್ಟಲೇಬೇಕಾ ಅಂತ ಕೇಳಿದ್ದೀರಿ. ನನಗೂ ಎರಡು ವರ್ಷದ ಹಿಂದೆ ಇದೇ ಆಗಿತ್ತು. ಅವರು ಕೇಳಿದಷ್ಟೂ ಕಟ್ಟಬೇಕಾಗಿಲ್ಲದೆ ಇರಬಹುದು. ಏನೂ ಕಟ್ಟಲ್ಲ ಅಂತ ಕೂತರೂ ನಡೆಯಲ್ಲ.

ಮೊದಲು ಒಂದು ಮಾತು. ರದ್ದಾದ ದಿನದಿಂದ ಬೈಕನ್ನು ರಸ್ತೆಗೆ ಇಳಿಸಬೇಡಿ. ಹಣದ ಜಗಳ ಗೆದ್ದರೂ ಆ ನಡುವಿನ ದಿನಗಳಿಗೆ ವಿಮೆ ಹುಟ್ಟಿಕೊಳ್ಳುವುದಿಲ್ಲ.

ಹಳೆ ಪಾಲಿಸಿಯ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ದಾಖಲೆ ಕಳಿಸಿ ಅಂತ ಕಂಪನಿ ನನಗೆ ಮೇಲ್ ಹಾಕಿತ್ತು. ಅದು ಹೋಗಿ ಸ್ಪ್ಯಾಮ್‌ನಲ್ಲಿ ಕೂತಿತ್ತು, ನಾನು ನೋಡಲಿಲ್ಲ. ಆ ತಪ್ಪು ನನ್ನದೇ. ಒಂದು ದಿನ ಅಂಚೆಯಲ್ಲಿ ಕಾಗದ ಬಂತು: ಪಾಲಿಸಿ ರದ್ದು, ಬಾಕಿ ಇಷ್ಟು. ಒಂದೇ ಒಂದು ಅಂಕಿ. ಅದರಲ್ಲಿ ಏನೇನು ಸೇರಿದೆ ಅಂತ ಒಂದಕ್ಷರ ಇಲ್ಲ.

ಫೋನ್ ಮಾಡಿ ಕೂಗಾಡಿದೆ. ಸುಮ್ನೆ ಗಂಟಲು ನೋವಾಯಿತು ಅಷ್ಟೆ. ಆಮೇಲೆ, ಲೆಕ್ಕ ಬಿಡಿಸಿ ಕಳಿಸಿ ಅಂತ ಮೇಲ್ ಹಾಕಿದೆ. ಬಂದದ್ದರಲ್ಲಿ ನಾಲ್ಕು ಬಾಬತ್ತು ಇದ್ದವು: ವಿಮೆ ಚಾಲ್ತಿಯಲ್ಲಿದ್ದ ದಿನಗಳ ಹಣ, ರದ್ದತಿ ಶುಲ್ಕ, ಏಜೆಂಟರ ಶುಲ್ಕ, ಜೊತೆಗೆ ತಗೊಂಡಿದ್ದ ಬ್ರೇಕ್‌ಡೌನ್ ಸೇವೆಗೆ (ಬೈಕು ದಾರಿಯಲ್ಲಿ ಕೆಟ್ಟರೆ ಬಂದು ನೆರವಾಗುವುದು) ಇಡೀ ವರ್ಷದ ಹಣ.

ವಿಮೆ ಇದ್ದ ದಿನಗಳಿಗೆ ಹಣ ಕೊಡಲೇಬೇಕು. ಆದರೆ ಲೆಕ್ಕ ಹೇಗೆ ಹಾಕಿದ್ದಾರೆ ನೋಡಿ. ಒಂದು, ಪ್ರೊ-ರೇಟಾ, ಅಂದರೆ ವಿಮೆ ಇದ್ದಷ್ಟು ದಿನಕ್ಕೆ ಮಾತ್ರ ಹಣ. ವರ್ಷದ ಪ್ರೀಮಿಯಂ 3650 ಅಂದುಕೊಳ್ಳಿ, ದಿನಕ್ಕೆ 10 ಬೀಳುತ್ತದೆ. 73 ದಿನ ಕಳೆದು ರದ್ದಾದರೆ ಅವರದು 730, ಉಳಿದ 2920 ನಿಮ್ಮದು. ಇನ್ನೊಂದು ಶಾರ್ಟ್ ಪೀರಿಯಡ್ ದರ. ಅದರಲ್ಲಿ ಅಷ್ಟೇ ದಿನಕ್ಕೆ ಜಾಸ್ತಿ ಪಾಲು ಹಿಡಿದುಕೊಳ್ಳುತ್ತಾರೆ. ಅಂಥ ದರ ಇರುವ ಪಾಲಿಸಿಗಳಲ್ಲಿ ಅದನ್ನು ಸಾಮಾನ್ಯವಾಗಿ ಗ್ರಾಹಕ ತಾನಾಗಿ ಪಾಲಿಸಿ ಬಿಟ್ಟಾಗ ಹಾಕುತ್ತಾರೆ. ಕಂಪನಿಯೇ ರದ್ದು ಮಾಡಿದರೆ ಹೆಚ್ಚಾಗಿ ಪ್ರೊ-ರೇಟಾ ಲೆಕ್ಕವೇ ಇರುತ್ತದೆ. ನನಗೆ ಶಾರ್ಟ್ ಪೀರಿಯಡ್ ಹಾಕಿದ್ದರು! ಕಂಪನಿ ರದ್ದು ಮಾಡಿದರೆ ಪ್ರೊ-ರೇಟಾ ಅಂತ ಪಾಲಿಸಿ ಷರತ್ತುಗಳಲ್ಲಿದ್ದ ಸಾಲಿನ ಫೋಟೊ ತೆಗೆದು ಕಳಿಸಿದೆ. ಮರುಮಾತಿಲ್ಲದೆ ಸರಿಮಾಡಿದರು. ನೀವು ಆ ಅವಧಿಯಲ್ಲಿ ಕ್ಲೇಮ್ ಮಾಡಿದ್ದರೆ ಮಾತ್ರ ಕಥೆ ಬೇರೆ, ಇಡೀ ವರ್ಷದ ಪ್ರೀಮಿಯಂ ಕೊಡಬೇಕು ಅನ್ನುವ ಷರತ್ತು ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ.

ರದ್ದತಿ ಶುಲ್ಕ ಮನ್ನಾ ಆದದ್ದು ಒಂದು ಲಕೋಟೆಯಿಂದ. ರದ್ದು ಮಾಡುವ ಮೊದಲು 7 ದಿನದ ನೋಟಿಸ್ ಕೊಡಬೇಕು ಅಂತ ನನ್ನ ಪಾಲಿಸಿಯಲ್ಲಿತ್ತು. ಕಾಗದದ ಮೇಲೆ ಬರೆದಿದ್ದ ತಾರೀಕು 4, ರದ್ದಾಗಿದ್ದು 12. ನೋಡಲು ಸರಿಯಾಗೇ ಇದೆ ಅಲ್ವಾ? ಆದರೆ ಲಕೋಟೆಯ ಮೇಲಿನ ಅಂಚೆ ಮುದ್ರೆ 11. ಅದನ್ನು ಕಸಕ್ಕೆ ಹಾಕದೆ ಇಟ್ಟಿದ್ದೆ. ನೋಟಿಸ್ ಹೊತ್ತಿಗೆ ಬಂದಿದ್ದರೆ ದಾಖಲೆ ಕಳಿಸುತ್ತಿದ್ದೆ, ರದ್ದತಿಯೇ ಆಗುತ್ತಿರಲಿಲ್ಲ ಅಂತ ಬರೆದೆ. ಪಾಲಿಸಿ ವಾಪಸ್ ಬರಲಿಲ್ಲ, ಶುಲ್ಕ ಬಿಟ್ಟರು.

ಏಜೆಂಟರ ಶುಲ್ಕದಲ್ಲಿ ಸೋತೆ. ಪಾಲಿಸಿ ತಗೊಳ್ಳುವಾಗಲೇ ಸಹಿ ಹಾಕಿ ಒಪ್ಪಿದ್ದೆ. ಬ್ರೇಕ್‌ಡೌನ್ ಸೇವೆ ಬೇರೆಯದೇ ಒಪ್ಪಂದ ಅಂತ ಆಮೇಲೆ ಗೊತ್ತಾಯಿತು. ಆ ಸೇವೆ ಕೊಡುವವರಿಗೇ ನೇರ ಬರೆದೆ, ಉಳಿದ ತಿಂಗಳ ಹಣ ಬಂತು.

ನಿಮ್ಮದು ಕಂತಿನ ಪಾಲಿಸಿ ಆಗಿದ್ದರೆ ಎಚ್ಚರ. ಬ್ಯಾಂಕಿನಲ್ಲಿ ಆಟೊ ಡೆಬಿಟ್ ನಿಲ್ಲಿಸಿದರೆ ಹಣ ಹೋಗುವುದು ನಿಲ್ಲುತ್ತದೆ, ಬಾಕಿ ಅಳಿಯುವುದಿಲ್ಲ. ಸುಮ್ಮನಿದ್ದರೆ ಅದು ವಸೂಲಿ ಏಜೆನ್ಸಿಯ ಕೈಗೆ ಹೋಗಬಹುದು. ನಾನು ಒಪ್ಪಿದ ಭಾಗ ಕಟ್ಟಿಬಿಟ್ಟೆ. ಉಳಿದದ್ದಕ್ಕೆ ತಕರಾರು ಇದೆ, ಅದು ಮುಗಿಯುವವರೆಗೆ ವಸೂಲಿಗೆ ಕೊಡಬೇಡಿ ಅಂತ ಮೇಲ್ ಹಾಕಿದೆ. ಕಾರ್ಡಿನಿಂದ ಹಣ ಆಗಲೇ ಹೋಗಿದ್ದರೆ ಬ್ಯಾಂಕಿಗೆ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಿಂದ ಹೋದ ಹಣ ವಾಪಸ್ ತರಿಸಿ ಅಂತ ಕೇಳಬಹುದು. ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಬಹಳಷ್ಟು ತಕರಾರುಗಳಿಗೆ 120 ದಿನದ ಗಡುವು ಇದೆ, ಅಲ್ಲಿವರೆಗೆ ಕಾಯಬೇಡಿ.

ಇನ್ನು ಮೇಲ್ ಬರೆಯುವಾಗ ವಿಷಯದ ಸಾಲಿನಲ್ಲಿ 'ದೂರು' ಅಂತಲೇ ಹಾಕಿ. 'ವಿಚಾರಣೆ' ಅಂತ ಹಾಕಿದರೆ ಗ್ರಾಹಕ ಸೇವೆಯವರ ಹತ್ತಿರವೇ ಸುತ್ತುತ್ತಿರುತ್ತದೆ. ಕಂಪನಿ ಕೊನೆಯ ಉತ್ತರ ಅಂತ ಏನೋ ಕೊಟ್ಟು ಕೈತೊಳೆದುಕೊಂಡರೆ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ಕೇಳಿ ತೀರ್ಮಾನಿಸುವವರು) ಅಥವಾ ನಿಯಂತ್ರಕರ ಹತ್ತಿರ ಹೋಗಬಹುದು. ಅಲ್ಲಿ ಮೊದಲು ಕೇಳುವುದೇ ಆ ಉತ್ತರದ ಪ್ರತಿ.

ಹೊಸ ವಿಮೆ ತಗೊಳ್ಳುವಾಗ, ಹಿಂದೆ ಯಾರಾದರೂ ಪಾಲಿಸಿ ರದ್ದು ಮಾಡಿದ್ದಾರಾ ಅಂತ ಕೇಳಿದರೆ ಹೌದು ಅನ್ನಿ. ಮುಚ್ಚಿಟ್ಟರೆ ನಾಳೆ ಅಪಘಾತವಾದಾಗ ಕ್ಲೇಮ್‌ಗೇ ಕುತ್ತು. ನಾನು ಹೌದು ಅಂದೆ, ಪ್ರೀಮಿಯಂ ಸ್ವಲ್ಪ ಜಾಸ್ತಿಯಾಯಿತು. ನೋ ಕ್ಲೇಮ್ ಬೋನಸ್ ದಾಖಲೆಯನ್ನು ಈ ಸಲ ಅವರು ಕೇಳುವ ಮೊದಲೇ ಕಳಿಸಿದೆ. ಎರಡು ಸಲ.