ಕೋಡಿ ಬಿದ್ದರೆ ತಪ್ಪೇನು?

ಮಾಲೂರಿನ ಓದುಗರು ಒಂದು ವರದಿಯ ತುಣುಕು ಕಳಿಸಿದ್ದಾರೆ. ನಿವೃತ್ತ ಮೇಷ್ಟ್ರೊಬ್ಬರ ಶ್ರದ್ಧಾಂಜಲಿ ಸಭೆಯಲ್ಲಿ ‘ಶಿಷ್ಯರು ಭಾವಾತಿರೇಕದಿಂದ ಕಣ್ಣೀರಿಟ್ಟರು’ ಎಂದು ಅಚ್ಚಾಗಿದೆ. ‘ಇದು ಹೊಗಳಿಕೆಯೋ, ಟೀಕೆಯೋ? ಭಾವೋದ್ರೇಕ ಎನ್ನಬೇಕಿತ್ತೇ?’ ಎಂಬುದು ಅವರ ಪ್ರಶ್ನೆ.

ಉತ್ತರ: ನಿಮಗೆ ಕಸಿವಿಸಿಯಾದದ್ದು ಸಹಜ. ವರದಿಗಾರರು ನಿಘಂಟಿನ ಪ್ರಕಾರ ಸರಿ, ಬಳಕೆಯ ಪ್ರಕಾರ ತಪ್ಪು.

‘ಅತಿರೇಕ’ದ ಧಾತು ‘ರಿಚ್’. ಬರಿದಾಗು, ಬಿಡು ಎಂದರ್ಥ. ರಿಕ್ತ, ವಿರೇಚನ, ಅತಿರಿಕ್ತ ಎಲ್ಲವೂ ಅದರ ಮಕ್ಕಳೇ. ಅತಿರೇಕ ಎಂದರೆ ಅಳತೆ ಮೀರಿ ಉಳಿದದ್ದು, ತುಂಬಿ ಚೆಲ್ಲಿದ್ದು. ನಿಮ್ಮ ಸೀಮೆಯ ಮಾತಲ್ಲಿ ಕೋಡಿ ಬಿದ್ದದ್ದು. ಕೆರೆ ಕೋಡಿ ಬಿದ್ದರೆ ನಾವು ಬಾಗಿನ ಕೊಡುತ್ತೇವೆಯೇ ಹೊರತು ಬೈಯುವುದಿಲ್ಲ. ‘ಕಣ್ಣೀರ ಕೋಡಿ’ಯಲ್ಲೂ ಬೈಗುಳವಿಲ್ಲ. ಏರಿ ಗಟ್ಟಿಯಾಗಿಯೇ ಇದೆ, ಹೆಚ್ಚಿನ ನೀರು ಹರಿಯಿತು, ಅಷ್ಟೆ. ತಡೆದದ್ದೆಲ್ಲ ಒಮ್ಮೆಗೇ ನುಗ್ಗಿದಾಗ ಹೇಳುವ ಮಾತೇ ಬೇರೆ: ‘ದುಃಖದ ಕಟ್ಟೆಯೊಡೆಯಿತು’.

‘ಅತಿರೇಕ’ ಎಂಬ ಸಂಸ್ಕೃತ ಪದಕ್ಕೆ ಕನ್ನಡದಲ್ಲಿ ಈ ಅದೃಷ್ಟ ಎಲ್ಲ ಕಡೆಯೂ ಇಲ್ಲ. ‘ಹರ್ಷಾತಿರೇಕ’, ‘ಆನಂದಾತಿರೇಕ’ಗಳಿಗೆ ಯಾರೂ ಮುಖ ಸಿಂಡರಿಸುವುದಿಲ್ಲ. ಆದರೆ ‘ಅವನದು ಅತಿರೇಕವಾಯ್ತು’ ಎಂದು ದಿನವೂ ಹೇಳುತ್ತೇವಲ್ಲ, ಆ ತೀರ್ಪಿನ ದನಿ ‘ಭಾವಾತಿರೇಕ’ಕ್ಕೂ ಅಂಟಿಕೊಂಡಿದೆ. ಸಪ್ಪೆ ಮಾತಿಗೂ ಎದೆ ಬಡಿದುಕೊಳ್ಳುವ ನಾಟಕದ ದೃಶ್ಯಕ್ಕೆ ಅದು ಒಪ್ಪುತ್ತದೆ. ಗುರು ತೀರಿಕೊಂಡಾಗ ಶಿಷ್ಯ ಅತ್ತರೆ ಅಳತೆ ಮೀರಿದ್ದೆಲ್ಲಿ?

‘ಭಾವೋದ್ರೇಕ’ ಇನ್ನೂ ಕೆಟ್ಟ ಆಯ್ಕೆ. ಧಾತು ಅದೇ ಆದರೂ ಇಂದಿನ ‘ಉದ್ರೇಕ’ ಕೆರಳಿಸುವುದರತ್ತ ವಾಲಿದೆ: ಉದ್ರೇಕಕಾರಿ ಭಾಷಣ, ಕಾಮೋದ್ರೇಕ. ‘ಉದ್ವೇಗ’ ಫಲಿತಾಂಶಕ್ಕೆ ಕಾಯುವವರ ತಳಮಳ. ‘ಆವೇಶ’ ಒಳಹೊಕ್ಕದ್ದು, ಜಾತ್ರೆಯಲ್ಲಿ ಮೈಮೇಲೆ ಬರುವುದೂ ಅದೇ. ವೇದಿಕೆಯ ಭಾಷಣಕಾರರಿಗೆ ಸಲ್ಲುತ್ತದೆ. ಭರತನ ನಾಟ್ಯಶಾಸ್ತ್ರ 33 ವ್ಯಭಿಚಾರಿಭಾವಗಳಲ್ಲಿ (ಬಂದು ಹೋಗುವ ಭಾವಗಳಲ್ಲಿ) ಆವೇಗ, ವಿಷಾದ, ಉನ್ಮಾದಗಳನ್ನು ಬೇರೆಬೇರೆಯಾಗಿ ಎಣಿಸಿತು. ನಾವು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತಿದ್ದೇವೆ.

ಆ ವರದಿಗೆ ‘ಗದ್ಗದಿತರಾದರು’ ಸಾಕಿತ್ತು. ನನ್ನನ್ನು ಕೇಳಿದರೆ, ‘ಅತ್ತರು’.

ಇನ್ನೊಂದು. ‘ಅತಿಯಾದ ಭಾವಾತಿರೇಕ’ ಎಂದು ಬರೆಯಬೇಡಿ, ‘ಅತಿ’ ಒಳಗೇ ಇದೆ. ನಿಮ್ಮ ಪತ್ರದಲ್ಲಿ ಎರಡು ಕಡೆ ‘ಅತೀರೇಕ’ ಎಂದಾಗಿದೆ. ಅತಿ+ಇವ ಅತೀವ, ಅತಿ+ಇತ ಅತೀತ. ಎರಡು ಇಕಾರ ಕೂಡಿ ಅಲ್ಲಿ ದೀರ್ಘ ಬಂತು. ‘ಅತಿರೇಕ’ದಲ್ಲಿ ‘ಅತಿ’ಯ ಮುಂದಿರುವುದು ರಕಾರ, ಸಂಧಿಯೇ ಇಲ್ಲ, ‘ತಿ’ ಹ್ರಸ್ವವೇ.