ತುದಿಯಲ್ಲಿ ತಪ್ಪುವ ಹಿಲ್ಬರ್ಟ್ ಪರಿವರ್ತನೆ

ಪ್ರಶ್ನೆ: ಹಿಲ್ಬರ್ಟ್ ಪರಿವರ್ತನೆ ಎಂದರೆ ಫಂಕ್ಷನ್‌ನ ಬೆಲೆಗಳನ್ನು ದೂರದಿಂದ ಭಾಗಿಸಿ ಅನುಕಲಿಸಿ, ಪೈಯಿಂದ ಭಾಗಿಸುವ ಕ್ರಿಯೆ. ಎಲ್‌ಪಿ ಸ್ಪೇಸ್ ಎಂದರೆ ನಿರಪೇಕ್ಷ ಬೆಲೆಯ ಪಿ-ನೇ ಘಾತದ ಅನುಕಲನ ಪರಿಮಿತವಾಗಿರುವ ಫಂಕ್ಷನ್‌ಗಳ ಗುಂಪು. ಪಿ 1ಕ್ಕಿಂತ ಹೆಚ್ಚಿದ್ದು ಪರಿಮಿತವಾಗಿರುವ ಎಲ್ಲ ಎಲ್‌ಪಿ ಸ್ಪೇಸ್‌ಗಳಲ್ಲೂ ಈ ಪರಿವರ್ತನೆ ಪರಿಬದ್ಧ, ಅಂದರೆ ಫಲಿತಾಂಶದ ಗಾತ್ರ ಮೂಲದ ಗಾತ್ರದ ಒಂದು ನಿಶ್ಚಿತ ಪಟ್ಟನ್ನು ಮೀರದು. ಪಿ 1 ಮತ್ತು ಪಿ ಅನಂತ (ಮಿತಿಯುಳ್ಳ ಫಂಕ್ಷನ್‌ಗಳು) ಎಂಬ ಎರಡು ತುದಿಗಳಲ್ಲಿ ಮಾತ್ರ ಏಕೆ ಕೈಕೊಡುತ್ತದೆ?

ಉತ್ತರ: ಒಂದೇ ಉದಾಹರಣೆ ಸಾಕು. 0ಯಿಂದ 1ರವರೆಗೆ ಬೆಲೆ 1, ಉಳಿದೆಡೆ 0 ಇರುವ ಫಂಕ್ಷನ್ ತೆಗೆದುಕೊಳ್ಳಿ. ಪರಿವರ್ತಿಸಿದರೆ, 0 ಮತ್ತು 1ರಿಂದ ಇರುವ ದೂರಗಳ ಅನುಪಾತದ ಲಾಗ್, ಪೈಯಿಂದ ಭಾಗಿಸಿದ್ದು ಸಿಗುತ್ತದೆ. ಆ ಎರಡು ಬಿಂದುಗಳ ಬಳಿ ಅದು ಮಿತಿ ಮೀರುತ್ತದೆ; ಅನಂತದ ತುದಿ ಹೋಯಿತು. ದೂರದಲ್ಲಿ 1/ಎಕ್ಸ್‌ನಂತೆ ನಿಧಾನಕ್ಕೆ ಇಳಿಯುವುದರಿಂದ ನಿರಪೇಕ್ಷ ಬೆಲೆಯ ಅನುಕಲನ ಪರಿಮಿತವಾಗದು. ಎಲ್‌1 ಕೂಡ ಹೋಯಿತು.

ಈಗ 1ರಿಂದ 2ರವರೆಗೆ ಬೆಲೆ −1 ಸೇರಿಸಿ. ಸರಾಸರಿ ಸೊನ್ನೆ, ಬಾಲ 1/ಎಕ್ಸ್ ವರ್ಗದಂತೆ ಬೀಳುತ್ತದೆ. ಎಲ್‌1ರಲ್ಲಿದ್ದು, ಪರಿವರ್ತಿಸಿದ ಮೇಲೂ ಎಲ್‌1ರಲ್ಲೇ ಉಳಿಯುವ ಫಂಕ್ಷನ್‌ಗಳ ಹಾರ್ಡಿ ಸ್ಪೇಸ್‌ನ ಗುಟ್ಟು ಇದೇ. ಅನಂತದ ತುದಿಯಲ್ಲಿ ಲಾಗ್‌ಗೆ ಜಾಗ ಕೊಡುವುದು ಬಿಎಂಒ, ಅಂದರೆ ಗಣಿತಜ್ಞರಾದ ಜಾನ್ ಮತ್ತು ನಿರೆನ್‌ಬರ್ಗ್ 1961ರಲ್ಲಿ ತಂದ, ಸರಾಸರಿ ಏರಿಳಿತಕ್ಕೆ ಮಿತಿ ಇರುವ ಫಂಕ್ಷನ್‌ಗಳ ಸ್ಪೇಸ್.